ಗಾಡಿಯ ಪಾಠಕ್ಕೆ ಮೊದಲು ರಸ್ತೆಯ ಪಾಠ

ನಾವು ವಾಸಿಸುವ ಅಂಬತ್ತೂರನ್ನು ಚಕ್ರಗಳ ಊರೆಂದು ಕರೆದರೆ ತಪ್ಪಾಗಲಾರದು. 1949ರಲ್ಲಿ ಸ್ಥಾಪಿತವಾದ ಟಿ.ಐ. ಸೈಕಲ್ ಸಂಸ್ಥೆಯು ತನ್ನ ಕಾರ್ಖಾನೆಯನ್ನು ಕಟ್ಟಿದುದು ಇಲ್ಲಿಯೇ. ನೆರೆಯ ಪಾಡಿಯಲ್ಲಿ ಮೋಟಾರಿನ ಎಂಜಿನ್ನನ್ನು ಎಬ್ಬಿಸುವ ಸ್ಟಾರ್ಟರುಗಳನ್ನು ಲ್ಯೂಕಾಸ್ ಟಿ.ವಿ.ಎಸ್. ಸಂಸ್ಥೆಯವರೂ, ಓಡುವ ಗಾಡಿಯನ್ನು ತಡೆಯುವ ಬ್ರೇಕುಗಳನ್ನು ಬ್ರೇಕ್ಸ್ ಇಂಡಿಯಾದವರೂ 1960ರ ದಶಕದಿಂದ ತಯಾರಿಸುತ್ತ ಬಂದಿದ್ದಾರೆ. ಹೊರಡಿಸುವ ಸಾಧನವೂ ನಿಲ್ಲಿಸುವ ಸಾಧನವೂ ನಮ್ಮ ಮಗ್ಗುಲಲ್ಲಿಯೇ ಸಿದ್ಧವಾಗುತ್ತಿವೆ. ಆದರೆ ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಕಲಿಸುವವರು ಯಾರು?

ಡ್ರೈವಿಂಗ್ ಸ್ಕೂಲುಗಳಿವೆಯಲ್ಲ ಎಂದು ನೀವು ಕೇಳಬಹುದು. ಇವೆ, ಬೀದಿಗೊಂದರಂತೆ ಇವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರು ಕಲಿಸುವ ಶಾಲೆಯು ಕನಿಷ್ಠ 21 ದಿನಗಳ ಶಿಕ್ಷಣವನ್ನೂ 10 ಗಂಟೆಗಳ ಚಾಲನಾಭ್ಯಾಸವನ್ನೂ ಕೊಡತಕ್ಕದ್ದು. ಸಂಚಾರ ನಿಯಮ, ಗಾಡಿಯ ರಚನೆ, ಪ್ರಥಮ ಚಿಕಿತ್ಸೆ, ಇವೆಲ್ಲವೂ ಪಠ್ಯಕ್ರಮದಲ್ಲಿ ಉಂಟು. ಆದರೂ ಕಲಿಯಲು ಹೋದವರು ಮನೆಗೆ ಬಂದು ಹೇಳುವುದು ಒಂದೇ ಮಾತು: 'ಎಂಟು ಹಾಕಿದೆ, ಲೈಸೆನ್ಸು ಬಂತು.' ಕಾಲೂರದೆ ಎಂಟರ ಆಕಾರದಲ್ಲಿ ಸ್ಕೂಟರನ್ನು ತಿರುಗಿಸುವುದು ಕೈಚಳಕವೇ ಸರಿ. ಆದರೆ ಆ ಎಂಟರ ಮೈದಾನದಲ್ಲಿ ಎದುರಿಗೆ ಲಾರಿ ಬರುವುದಿಲ್ಲ, ಮುದುಕಿಯೊಬ್ಬಳು ರಸ್ತೆ ದಾಟುವುದಿಲ್ಲ.

2022ರಲ್ಲಿ ಭಾರತದ ರಸ್ತೆಗಳ ಮೇಲೆ ಮಡಿದವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ದಿನವೊಂದಕ್ಕೆ 461ಕ್ಕೂ ಮಿಕ್ಕಿದ ಜೀವಗಳು! ಆ ವರ್ಷ ಅತಿ ಹೆಚ್ಚು ಅಪಘಾತಗಳು, ಎಂದರೆ 64,105, ನಡೆದುದು ನಾವಿರುವ ತಮಿಳುನಾಡಿನಲ್ಲಿಯೇ.

ಹಾಗಾದರೆ ಹೈಸ್ಕೂಲಿನಲ್ಲಿಯೇ ಡ್ರೈವಿಂಗ್ ಕಲಿಸಿಬಿಡೋಣವೆ? ಅಮೆರಿಕೆಯವರು ಹಾಗೆಯೇ ಮಾಡಿ ನೋಡಿದರು. 1930ರ ದಶಕದಲ್ಲಿ ಏಮಸ್ ನೈಹಾರ್ಟ್ ಎಂಬ ಪ್ರಾಧ್ಯಾಪಕರು ಪೆನ್ಸಿಲ್ವೇನಿಯಾದ ಹೈಸ್ಕೂಲೊಂದರಲ್ಲಿ ಈ ಪಾಠವನ್ನು ಆರಂಭಿಸಿದರು. ಅದು ದೇಶವೆಲ್ಲ ಹಬ್ಬಿತು. ಮುಂದೆ 1970ರ ದಶಕದ ಕೊನೆಯಲ್ಲಿ ಜಾರ್ಜಿಯಾ ಸಂಸ್ಥಾನದ ಡಿಕಾಲ್ಬ್ ಪ್ರಾಂತದಲ್ಲಿ ಸುಮಾರು 16,000 ವಿದ್ಯಾರ್ಥಿಗಳನ್ನು ಗುಂಪುಗಳಾಗಿ ವಿಂಗಡಿಸಿ ಪರೀಕ್ಷಿಸಿದಾಗ, ಮೊದಲ ಕೆಲವು ತಿಂಗಳು ಕಳೆದ ಮೇಲೆ, ಶಾಲೆಯಲ್ಲಿ ಕಲಿತವರಿಗೂ ಕಲಿಯದವರಿಗೂ ಅಪಘಾತಗಳಲ್ಲಿ ಹೇಳಿಕೊಳ್ಳುವಂತಹ ಅಂತರವೇ ಕಾಣಲಿಲ್ಲ. ಗಾಡಿ ತಿರುಗಿಸಲು ಕಲಿತ ಹುಡುಗನಿಗೆ ಧೈರ್ಯ ಬೇಗ ಬರುತ್ತದೆ, ವಿವೇಕ ಅಷ್ಟು ಬೇಗ ಬರುವುದಿಲ್ಲ. ಈ ಮಾತು ಅಮೆರಿಕೆಯ ಹುಡುಗರಿಗೆ ಮಾತ್ರ ಸಲ್ಲುವುದೆಂದು ನಮಗೆ ತೋರುವುದಿಲ್ಲ. ನ್ಯೂಜಿಲೆಂಡಿನವರು 1987ರಲ್ಲಿ ಬೇರೊಂದು ದಾರಿ ಹಿಡಿದರು: ಪರವಾನಗಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುವುದು, ಮೊದಮೊದಲು ರಾತ್ರಿಯ ಹೊತ್ತು ಒಂಟಿಯಾಗಿ ಓಡಿಸಕೂಡದು, ಗೆಳೆಯರನ್ನು ತುಂಬಿಕೊಳ್ಳಕೂಡದು. ಈ ಕ್ರಮವನ್ನು ಮುಂದೆ ಅನೇಕ ದೇಶಗಳು ಅನುಸರಿಸಿದುವು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ: ಗಾಡಿಯ ಪಾಠ ಹದಿನೆಂಟು ತುಂಬಿದ ಮೇಲಾಗಲಿ, ರಸ್ತೆಯ ಪಾಠ ಶಾಲೆಯಲ್ಲಿಯೇ ಆಗಲಿ. ಮೊದಲನೆಯದಕ್ಕೆ ಸಮುದಾಯ ಕಾಲೇಜುಗಳು ತಕ್ಕ ಸ್ಥಳ. 1995ರಲ್ಲಿ ಪುದುಚೇರಿಯಲ್ಲಿಯೂ ಮರುವರ್ಷ ಮದರಾಸಿನಲ್ಲಿಯೂ ಇಂಥವು ಹುಟ್ಟಿದುದು ಕೈಗೆ ಕೆಲಸ ಕಲಿಸುವುದಕ್ಕಾಗಿಯೇ ಅಲ್ಲವೆ? ಅಲ್ಲಿ ಚಾಲನೆಯನ್ನೂ ಸಂಚಾರ ಸುರಕ್ಷತೆಯನ್ನೂ ತಿಂಗಳುಗಟ್ಟಲೆ ಕ್ರಮವಾಗಿ ಕಲಿಸಿದರೆ ಡ್ರೈವರನ ವೃತ್ತಿಗೂ ಮರ್ಯಾದೆ ಬಂದೀತು.

ಎರಡನೆಯದು ನಮ್ಮ ಪಾಲಿನ ಕೆಲಸ. ಅದಕ್ಕೆ ಗಾಡಿಯೂ ಬೇಡ, ಪೆಟ್ರೋಲೂ ಬೇಡ. ವಿಜ್ಞಾನದ ಮೇಷ್ಟರು ವೇಗದ ಲೆಕ್ಕ ಕೊಟ್ಟಾಗ ನೀವು ರೈಲುಗಳನ್ನು ಓಡಿಸುತ್ತೀರಷ್ಟೆ. ಒಮ್ಮೆ ಸ್ಕೂಟರನ್ನು ಓಡಿಸಿ ನೋಡಿರಿ. ಗಂಟೆಗೆ 30 ಕಿಲೋಮೀಟರು ವೇಗದ ಗಾಡಿ ಸೆಕೆಂಡಿಗೆ 8 ಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಕಣ್ಣು ಕಂಡು ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡು ಹಿಡಿಯಿತೆನ್ನಿ. ರಸ್ತೆ ಒಣಗಿದ್ದು ಬ್ರೇಕು ಚೆನ್ನಾಗಿದ್ದರೆ ಮತ್ತೆ ಸುಮಾರು 7 ಮೀಟರು. ಒಟ್ಟು 15. ವೇಗವನ್ನು 60ಕ್ಕೆ ಏರಿಸಿದರೆ ಆ ಒಂದು ಸೆಕೆಂಡಿಗೆ 17 ಮೀಟರು, ಬ್ರೇಕು ಹಿಡಿದ ಮೇಲೆ 28, ಒಟ್ಟು 45. ವೇಗ ಎರಡರಷ್ಟಾಯಿತು, ನಿಲ್ಲುವ ದೂರ ಮೂರರಷ್ಟಾಯಿತು. ಇನ್ನು ಕಾರ್ತಿಕ ಮಾಸದ ಮಳೆಯಲ್ಲಿ ನೆನೆದ ಎಂ.ಟಿ.ಎಚ್. ರಸ್ತೆಯ ಲೆಕ್ಕವನ್ನು ನೀವೇ ಊಹಿಸಿರಿ.

ರಸ್ತೆಗೊಂದು ಭಾಷೆಯೂ ಉಂಟು. ಊರಿನಿಂದ ಬಂದ ನಿಮ್ಮ ಅಜ್ಜಿಗೆ ಇಲ್ಲಿಯ ತಮಿಳು ಫಲಕಗಳನ್ನು ಓದಲಾಗದು. ಹೊಟ್ಟೆಪಾಡಿಗಾಗಿ ಕನ್ನಡ ನಾಡಿನಿಂದ ಬಂದ ನಮ್ಮಂಥವರಿಗೂ ಮೊದಲು ಆ ಕಷ್ಟವಿದ್ದಿತು. ಸಂಚಾರ ಸಂಕೇತಗಳಿಗೆ ಈ ಭೇದವಿಲ್ಲ. ದುಂಡಗಿನ ಫಲಕ ಆಜ್ಞೆ, ತ್ರಿಕೋನ ಎಚ್ಚರಿಕೆ, ಆಯತ ಮಾಹಿತಿ. 'ನಿಲ್ಲು' ಎಂಬುದಕ್ಕೆ ಎಂಟು ಮೂಲೆ, 'ದಾರಿ ಬಿಡು' ಎಂಬುದಕ್ಕೆ ತಲೆಕೆಳಗಾದ ತ್ರಿಕೋನ. ಬಣ್ಣ ಮಾಸಿದರೂ ಆಕಾರ ಮಾತನಾಡುತ್ತದೆ. ಆ ಅಜ್ಜಿಗೂ ಇದನ್ನು ಒಂದು ಸಂಜೆಯಲ್ಲಿ ಕಲಿಸಬಹುದು.

ಕೊನೆಗೆ ಅಪ್ರಿಯವಾದರೂ ಹೇಳಬೇಕಾದ ಮಾತೊಂದಿದೆ. ಹತ್ತನೆಯ ತರಗತಿಯ ಹುಡುಗರು ಅಣ್ಣನ ಸ್ಕೂಟರನ್ನೇರಿ ಟ್ಯೂಷನ್ನಿಗೆ ಹೋಗುವುದನ್ನು ಈ ಊರಿನಲ್ಲಿ ನಾವು ನೋಡುತ್ತಿದ್ದೇವೆ. ಹದಿನಾರಕ್ಕೇ ಲೈಸೆನ್ಸು ಉಂಟೆಂದು ಅವರ ವಾದ. ಆ ಮಾತು 50 ಸಿ.ಸಿ. ಮೀರದ ಸಣ್ಣ ಎಂಜಿನಿನ ಗಾಡಿಗೆ ಮಾತ್ರ. ಇಂದು ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಬಹುಮಟ್ಟಿಗೆ 100 ಸಿ.ಸಿ. ಮೀರಿದುವು. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕನು ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯನಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳವರೆಗೆ ಸೆರೆಯೂ ಆಗಬಹುದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಮಗನು ಕೇಳಿದನೆಂದು ಬೀಗದ ಕೈ ಕೊಡುವ ತಂದೆಯವರು ಈ ಪುಟವನ್ನು ಓದಿದರೆ ನಮಗೆ ಸಂತೋಷ.

ಬರುವ ಜೂನ್ ತಿಂಗಳಿನಿಂದ ವಾರಕ್ಕೊಂದು ಅವಧಿಯನ್ನು ಈ ಪಾಠಕ್ಕೆ ಬಿಟ್ಟುಕೊಡಬೇಕೆಂದು ನಾವು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇವೆ. ಮೊದಲ ದಿನಕ್ಕೆ 45 ಮೀಟರು ಉದ್ದದ ಹಗ್ಗವೊಂದು ಬೇಕಾಗುತ್ತದೆ. ಅದನ್ನು ಶಾಲೆಯ ಮೈದಾನದಲ್ಲಿ ಎಳೆದು, ಅದರ ಒಂದು ತುದಿಯಲ್ಲಿ ಒಂದನೆಯ ತರಗತಿಯ ಮಗುವೊಂದನ್ನು ನಿಲ್ಲಿಸಿ, ನೀವು ಇನ್ನೊಂದು ತುದಿಯಿಂದ ನೋಡತಕ್ಕದ್ದು.