ವಿಮಾನ ಹಾರಿಹೋದ ಮೇಲೆ

ಬೀದರ್ ಜಿಲ್ಲೆಯ ಭಾಲ್ಕಿಯಲ್ಲಿ ಪರಿಚಿತರೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತು ಹೋದ ತಿಂಗಳು ಒಂದು ಕರಾರುಪತ್ರ ಓದಿದೆ. ಹನ್ನೊಂದು ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ತಂದವನು ಔರಾದ ತಾಲ್ಲೂಕಿನ ಹುಡುಗ. ಹೈದರಾಬಾದಿನಲ್ಲಿ ವಿಮಾನ ದುರಸ್ತಿ ಕಲಿತು ನಾಲ್ಕು ವರ್ಷ ಅಲ್ಲೇ ದುಡಿದಿದ್ದಾನೆ. ಈಗ ಕೊಲ್ಲಿಯ ಕಂಪನಿಯೊಂದು ಕರೆದಿದೆ, ಸಂಬಳ ಇಲ್ಲಿಯದರ ಮೂರು ಪಟ್ಟು. ಪಕ್ಕದಲ್ಲಿ ಅವನ ಅಪ್ಪ ಕುಳಿತಿದ್ದರು. ಸಂಬಳದ ಅಂಕಿ ಇದ್ದ ಎರಡನೆಯ ಪುಟ ಮಡಚಿ ಬಿಡಿಸಿ ಮಾಸಿಹೋಗಿತ್ತು. ಉಳಿದ ಪುಟಗಳು ಬಂದಾಗ ಹೇಗಿದ್ದವೋ ಹಾಗೇ ಇದ್ದವು.

"ಹೋಗ್ಲೇನ್ರಿ ಕಾಕಾ?" ಅಂದ ಹುಡುಗ.

ಏಳನೆಯ ಪುಟದಲ್ಲಿ ಒಂದು ಸಾಲು ಸಿಕ್ಕಿತು. ಕೆಲಸದ ಜಾಗ ಶಾರ್ಜಾ. ಆದರೆ ಕಂಪನಿಯ ವಿಮಾನ ಇಳಿಯುವ ಯಾವ ಊರಿಗಾದರೂ, ಎಷ್ಟು ದಿನಕ್ಕಾದರೂ ನೌಕರನನ್ನು ಕಳಿಸುವ ಹಕ್ಕು ಕಂಪನಿಯದು. ವಿಮಾನಗಳು ಎಲ್ಲೆಲ್ಲಿ ಇಳಿಯುತ್ತವೆ ಎಂದು ಕೇಳಿದೆ. ಹುಡುಗ ಫೋನಿನಲ್ಲಿ ಪಟ್ಟಿ ತೋರಿಸಿದ. ಸುಡಾನ್, ಸೊಮಾಲಿಯಾ, ಇರಾಕ್ ಅದರಲ್ಲಿದ್ದವು. ಅಪ್ಪನಿಗೆ ಶಾರ್ಜಾ ಒಂದೇ ಗೊತ್ತಿತ್ತು.

ಬೀದರಿನ ಮಕ್ಕಳಿಗೆ ವಿಮಾನ ದೂರದ ವಸ್ತುವಲ್ಲ. ಇಲ್ಲಿಯ ವಾಯುನೆಲೆಯಲ್ಲೇ 1996ರಲ್ಲಿ ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣ ಹುಟ್ಟಿತು. 2008ರಿಂದ ಹಾಕ್ ವಿಮಾನಗಳಲ್ಲಿ ಪೈಲಟ್‌ಗಳು ತರಬೇತಿ ಪಡೆಯುತ್ತಿದ್ದಾರೆ. ಪಾಠ ನಡೆಯುವಾಗ ತಲೆಯ ಮೇಲೆ ಸದ್ದಾದರೆ ಮಾಸ್ತರರು ಮಾತು ನಿಲ್ಲಿಸಿ, ಸದ್ದು ದಾಟಿದ ಮೇಲೆ ಮುಂದುವರಿಸುತ್ತಾರೆ. ಆ ಸದ್ದಿನಲ್ಲೇ ಬೆಳೆದ ಹುಡುಗರಿಗೆ ವಿಮಾನದ ಕೆಲಸವೆಂದರೆ ಗೌರವ. ಕೈಗೆ ಬಂದ ಅಂಥ ಕೆಲಸವನ್ನು ಬೇಡ ಎನ್ನುವುದು ಕಷ್ಟ. ಮಳೆ ನಂಬಿ ತೊಗರಿ, ಸೋಯಾ ಬಿತ್ತುವ ಮನೆಯಲ್ಲಿ ಇನ್ನೂ ಕಷ್ಟ.

ದುಡಿಮೆಗಾಗಿ ದೂರ ಹೋಗುವವರ ಪಾಡು ಬೀದರಿಗೆ ಹೊಸದಲ್ಲ. ಐನೂರೈವತ್ತು ವರ್ಷಗಳ ಹಿಂದೆ ಅದು ಇನ್ನೊಂದು ದಿಕ್ಕಿನಿಂದ ಬಂದಿತ್ತು. ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿಟಿನ್ ದಾರಿಯಲ್ಲೇ ಸರಕು ಲೂಟಿಯಾಗಿ, ಸಾಲ ತಲೆಯ ಮೇಲಿದ್ದುದರಿಂದ ಊರಿಗೆ ಮರಳಲಾರದೆ, ಒಂದು ಕುದುರೆ ಹಿಡಿದುಕೊಂಡು ಬಹಮನಿ ರಾಜ್ಯಕ್ಕೆ ಬಂದ. ಜುನ್ನರದಲ್ಲಿ ಅಲ್ಲಿಯ ಖಾನ ಕುದುರೆ ಕಿತ್ತುಕೊಂಡ; ಹೇಗೋ ಬಿಡಿಸಿಕೊಂಡು ಬಂದು ಬೀದರಿನಲ್ಲಿ ಮಾರಿದ. ಹಿಂದುಸ್ತಾನದಲ್ಲಿ ಸರಕು ರಾಶಿರಾಶಿ ಸಿಗುತ್ತದೆ ಎಂದು ಹೇಳಿದವರ ಮಾತು ನಂಬಿ ಮೋಸಹೋದೆ ಎಂದು ತನ್ನ ಪ್ರವಾಸದ ಟಿಪ್ಪಣಿಯಲ್ಲಿ ಮರುಗಿದ್ದಾನೆ. ಮರಳುವಾಗ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ, ತ್ವೇರ್ ಸೇರಲಿಲ್ಲ. ಸಾಲ, ಆಸೆ ಹುಟ್ಟಿಸಿದ ಮಧ್ಯವರ್ತಿಯ ಮಾತು, ಮರಳುವ ದಾರಿಯ ಬಗ್ಗೆ ಯಾರೂ ಹೇಳದೇ ಇರುವುದು — ಇಂದಿನ ಕಥೆಯಲ್ಲೂ ಇವೇ ಇವೆ. ಪಕ್ಕದ ಕಲಬುರಗಿಯ ಯುವಕರು ಹೆಲ್ಪರ್ ಕೆಲಸವೆಂಬ ಮಾತು ನಂಬಿ ನಿಕಿಟಿನ್‌ನ ನಾಡಿಗೇ ಹೋದರು. ತಮ್ಮನ್ನು ಉಕ್ರೇನ್ ಯುದ್ಧಕ್ಕೆ ದೂಡಿದ್ದಾರೆ ಎಂದು 2024ರ ಆರಂಭದಲ್ಲಿ ಅಲ್ಲಿಂದ ವಿಡಿಯೊ ಕಳಿಸಿದರು. ಅವರು ಮನೆ ಮುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ.

ವಿಮಾನದ ಕೆಲಸ ಅಂಥದಲ್ಲ, ಅದು ಕಾಗದಪತ್ರ ಸರಿಯಿರುವ ಕೆಲಸ ಎನ್ನುವವರಿದ್ದಾರೆ. ನಿಜ. ಜಗತ್ತಿನಲ್ಲಿ ಅಪಾಯವನ್ನು ಇಷ್ಟು ಎಚ್ಚರದಿಂದ ಲೆಕ್ಕ ಹಾಕುವ ಉದ್ಯಮ ಇನ್ನೊಂದಿಲ್ಲ. ಆದರೆ ಆ ಲೆಕ್ಕ ಯುದ್ಧದ ಬಾಗಿಲಲ್ಲಿ ತಪ್ಪುತ್ತದೆ. 2014ರ ಜುಲೈ 17ರಂದು ಪೂರ್ವ ಉಕ್ರೇನಿನ ಆಕಾಶ 32 ಸಾವಿರ ಅಡಿಯವರೆಗೆ ಮುಚ್ಚಿತ್ತು. ಮಲೇಷ್ಯಾದ ಎಂಎಚ್17 ವಿಮಾನ 33 ಸಾವಿರ ಅಡಿಯಲ್ಲಿ, ಅಂದರೆ ನಿಯಮದ ಪ್ರಕಾರ ತೆರೆದಿದ್ದ ದಾರಿಯಲ್ಲಿ, ಹಾರುತ್ತಿತ್ತು. ಕ್ಷಿಪಣಿ ಬಡಿದು 298 ಜನ ಸತ್ತರು. 2020ರ ಜನವರಿ 8ರಂದು ಇರಾನ್ ಕ್ಷಿಪಣಿ ಹಾರಿಸಿದ ಕೆಲವೇ ಗಂಟೆಗಳಲ್ಲಿ ಟೆಹರಾನಿನಿಂದ ಉಕ್ರೇನಿನ ವಿಮಾನವೊಂದು ಎಂದಿನಂತೆ ಮೇಲೇರಿತು, ಏಕೆಂದರೆ ಆಕಾಶವನ್ನು ಇರಾನ್ ಮುಚ್ಚಿರಲಿಲ್ಲ. ಇರಾನಿನ ಸೇನೆಯೇ ಅದನ್ನು ಹೊಡೆದುರುಳಿಸಿತು, 176 ಸಾವು.

ಇವು ಹಾರುವವರ ಅಪಾಯ. ಇವುಗಳ ಬಗ್ಗೆ ಕನಿಷ್ಠ ವರದಿಗಳಿವೆ. ಯಾವ ದೇಶದ ಆಕಾಶ ಅಪಾಯದ್ದು ಎಂದು ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಪ್ರಕಟಿಸುವ ಎಚ್ಚರಿಕೆಗಳನ್ನು ಯಾರು ಬೇಕಾದರೂ ಓದಬಹುದು. ನೆಲದ ಮೇಲೆ ನಿಂತವರ ಸುದ್ದಿ ಅವುಗಳಲ್ಲಿ ಬರುವುದಿಲ್ಲ. ಚಕ್ರದ ಕೆಳಗೆ ಕೂತು ಬ್ರೇಕ್ ನೋಡುವವನು, ಇಂಧನದ ಪೈಪು ಹಿಡಿದವನು, ಸಾಮಾನು ಏರಿಸುವವನು ಆಕಾಶ ಮುಚ್ಚಿದ ಮೇಲೂ ಅಲ್ಲೇ ಇರುತ್ತಾರೆ.

2023ರ ಏಪ್ರಿಲ್ 15 ನೋಡಿ. ಖಾರ್ತೂಮಿನ ವಿಮಾನ ನಿಲ್ದಾಣ ಊರ ನಡುವೆಯೇ, ಸೇನಾ ಕಚೇರಿಗಳ ಮಗ್ಗುಲಲ್ಲಿ ಇದೆ. ಆ ಬೆಳಿಗ್ಗೆ ಸುಡಾನಿನ ಸೇನೆ ಮತ್ತು ಅರೆಸೇನಾಪಡೆಯ ನಡುವೆ ಶುರುವಾದ ಕಾಳಗ ಅಲ್ಲಿಗೂ ಮುಟ್ಟಿತು. ರಿಯಾದಿಗೆ ಹೊರಡಲು ಸಿದ್ಧವಾಗಿದ್ದ ಸೌದಿ ಏರ್‌ಬಸ್‌ಗೆ ಗುಂಡು ಬಿದ್ದವು; ನಿಂತ ವಿಮಾನಗಳು ನಿಂತಲ್ಲೇ ಸುಟ್ಟವು. ಆ ದೇಶದಲ್ಲಿ ಆಗ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಜನರೂ ಸಿಕ್ಕಿಬಿದ್ದಿದ್ದರು. ಆಪರೇಷನ್ ಕಾವೇರಿಯಲ್ಲಿ ಭಾರತ 3,800ಕ್ಕೂ ಹೆಚ್ಚು ಜನರನ್ನು ಕರೆತಂದಿತು. ಏಪ್ರಿಲ್ 27ರ ರಾತ್ರಿ ವಾಯುಪಡೆಯ ಸಿ-130ಜೆ ವಿಮಾನ ಖಾರ್ತೂಮಿನ ಉತ್ತರಕ್ಕೆ ವಾದಿ ಸಯೀದ್ನಾ ಎಂಬಲ್ಲಿ ಇಳಿಯಿತು. ಸವೆದ ರನ್‌ವೇ, ದೀಪವಿಲ್ಲ, ದಾರಿ ತೋರುವ ಉಪಕರಣವಿಲ್ಲ, ಇಂಧನವಿಲ್ಲ. ಪೈಲಟ್‌ಗಳು ಕತ್ತಲೆಯಲ್ಲಿ ನೋಡುವ ಕನ್ನಡಕ ಹಾಕಿ ಇಳಿಸಿ, ಇಂಜಿನ್ ನಿಲ್ಲಿಸದೆ 121 ಜನರನ್ನು ಹತ್ತಿಸಿಕೊಂಡು ಹಾರಿದರು. ಆ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಇಂಥ ರಾತ್ರಿಯ ಮೇಲೆ ಭರವಸೆ ಇಟ್ಟು ಯಾವ ಅಪ್ಪನೂ ಮಗನನ್ನು ಕಳಿಸಬಾರದು.

ಇನ್ನು ಹಣದ ಮಾತು. ಸಾಮಾನ್ಯ ವಿಮಾನ ವಿಮೆಯಲ್ಲಿ ಯುದ್ಧದ ನಷ್ಟ ಸೇರಿರುವುದಿಲ್ಲ. ಅದಕ್ಕೆ ಕಂಪನಿ ಬೇರೆ ಹಣ ಕಟ್ಟಿ ರಕ್ಷಣೆ ಕೊಳ್ಳಬೇಕು, ಪರಿಸ್ಥಿತಿ ಕೆಟ್ಟರೆ ವಿಮೆಯವರು ಸಾಮಾನ್ಯವಾಗಿ ಏಳು ದಿನದ ನೋಟಿಸ್ ಕೊಟ್ಟು ಅದನ್ನೂ ಹಿಂತೆಗೆಯಬಹುದು. ಹಾಗಾಗಿ ಯುದ್ಧದ ಸುಳಿವು ಸಿಕ್ಕೊಡನೆ ಕಂಪನಿಗಳು ಮೊದಲು ವಿಮಾನವನ್ನು ಸಾಗಿಸುತ್ತವೆ. 2025ರ ಜೂನ್‌ನಲ್ಲಿ ಇರಾನ್ ಜೊತೆ ಯುದ್ಧ ಶುರುವಾದ ದಿನವೇ ಇಸ್ರೇಲಿನ ಕಂಪನಿಗಳು ತಮ್ಮ ವಿಮಾನಗಳನ್ನು ಸೈಪ್ರಸ್ ಮುಂತಾದ ಕಡೆ ಹಾರಿಸಿ ನಿಲ್ಲಿಸಿದವು. ಅದರಲ್ಲಿ ತಪ್ಪೇನಿಲ್ಲ, ನೂರಾರು ಕೋಟಿಯ ಆಸ್ತಿ. ನನ್ನ ಪ್ರಶ್ನೆ ಬೇರೆ: ಕಡೆಯ ವಿಮಾನ ಹೊರಡುವಾಗ ಅದನ್ನು ಸಿದ್ಧಮಾಡಿ ಕಳಿಸಿದ ಹುಡುಗನಿಗೆ ಅದರಲ್ಲಿ ಸೀಟು ಇದೆಯೇ? ಹನ್ನೊಂದು ಪುಟಗಳಲ್ಲಿ ಇದಕ್ಕೆ ಉತ್ತರ ಹುಡುಕಿದೆ. ಇರಲಿಲ್ಲ.

ಮನೆಯಲ್ಲಿ ಪಾಲಿಸಿ ಇದೆ ಎಂದರು ಅಪ್ಪ. ತರಿಸಿ ನೋಡಿದೆವು. ಜೀವವಿಮೆಯ ಮೂಲ ಮೊತ್ತದ ಮಾತು ಬೇರೆ. ಅಪಘಾತಕ್ಕೆಂದು ಸೇರಿಸಿದ ಹೆಚ್ಚುವರಿ ಲಾಭದ ಷರತ್ತಿನಲ್ಲಿ ಯುದ್ಧದಿಂದಾದ ಸಾವಿಗೆ ಹಣವಿಲ್ಲ. ಪ್ರಯಾಣಿಕನಾಗಿ ಅಲ್ಲದೆ ವಿಮಾನದ ಕೆಲಸದಲ್ಲಿ ತೊಡಗಿ ಸತ್ತರೂ ಇಲ್ಲ. ಈ ಹುಡುಗನಿಗೆ ಎರಡು ಬಾಗಿಲೂ ಮುಚ್ಚಿದಂತೆ.

ಸರ್ಕಾರದ ರಕ್ಷಣೆಯಲ್ಲೂ ಒಂದು ವಿಚಿತ್ರ ಕೊರತೆ ಇದೆ. 1983ರ ವಲಸೆ ಕಾಯ್ದೆಯಡಿ ಹತ್ತನೆಯ ತರಗತಿ ಪಾಸಾಗದವರು ಸುಡಾನ್, ಇರಾಕ್, ಯೆಮನ್, ಲಿಬಿಯಾ, ಕೊಲ್ಲಿ ರಾಷ್ಟ್ರಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ವಲಸೆ ಅನುಮತಿ ಪಡೆಯಬೇಕು. ಆಗ ಅವರ ಕರಾರು ಸರ್ಕಾರದ ಕಣ್ಣಿಗೆ ಬೀಳುತ್ತದೆ, ಜೊತೆಗೆ ಹತ್ತು ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ ಅದರ ಕಂತು 275 ರೂಪಾಯಿ. ಓದಿದ ತಂತ್ರಜ್ಞನಿಗೆ ಈ ಅನುಮತಿ ಬೇಡ. ಅವನು ತನ್ನ ಹಿತ ತಾನೇ ನೋಡಿಕೊಳ್ಳುತ್ತಾನೆಂಬ ನಂಬಿಕೆ. ಹೀಗಾಗಿ ಗಾರೆ ಕೆಲಸಕ್ಕೆ ಹೋದವನ ದಾಖಲೆ ದೆಹಲಿಯಲ್ಲಿರುತ್ತದೆ, ವಿಮಾನ ದುರಸ್ತಿಗೆ ಹೋದವನದು ಇರುವುದಿಲ್ಲ. ಅನುಮತಿ ಬೇಡದವರೂ ಈ 18 ದೇಶಗಳಿಗೆ ಹೋಗುವ ಮುನ್ನ ಹೆಸರು ನೋಂದಾಯಿಸಲೇಬೇಕೆಂಬ ನಿಯಮ 2019ರ ಜನವರಿ 1ರಿಂದ ಬರಬೇಕಿತ್ತು. 2018ರ ನವೆಂಬರ್‌ನಲ್ಲೇ ಅದನ್ನು ತಡೆಹಿಡಿದರು. ತಡೆಹಿಡಿದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಐದು ನಿಮಿಷದ ಕಿರಿಕಿರಿ ತಪ್ಪಿಸಲು ಆಪತ್ತಿನ ದಿನ ಹುಡುಕಬೇಕಾದ ಪಟ್ಟಿಯನ್ನೇ ಕೈಬಿಟ್ಟೆವು.

ಹೋಗಬೇಡ ಎಂದು ನಾನು ಹೇಳಲಿಲ್ಲ. ಬರ ಬಿದ್ದ, ಯುದ್ಧ ಹತ್ತಿದ ನಾಡುಗಳಿಗೆ ಔಷಧ, ಆಹಾರ ಹೊತ್ತ ವಿಶ್ವಸಂಸ್ಥೆಯ ವಿಮಾನಗಳು ಹೋಗುತ್ತವೆ, ಅವುಗಳ ಚಕ್ರ, ಇಂಜಿನ್ ಯಾರಾದರೂ ನೋಡಲೇಬೇಕು. 2024ರ ಡಿಸೆಂಬರ್‌ನಲ್ಲಿ ಯೆಮನಿನ ಸನಾ ವಿಮಾನ ನಿಲ್ದಾಣದ ಮೇಲೆ ಬಾಂಬ್ ಬಿದ್ದಾಗ ಗಾಯಗೊಂಡವರಲ್ಲಿ ಅಂಥ ವಿಮಾನದ ಸಿಬ್ಬಂದಿಯೊಬ್ಬರಿದ್ದರು. ಆ ಕೆಲಸಕ್ಕೆ ಘನತೆ ಇದೆ. ತಿಳಿದು ಹೋಗುವವನನ್ನು ತಡೆಯಲು ನಾನ್ಯಾರು? ತಿಳಿಯದೆ ಹೋಗಬಾರದು, ಅಷ್ಟೇ.

ಅವತ್ತು ಪಡಸಾಲೆಯಲ್ಲೇ ಕಂಪನಿಗೆ ಒಂದು ಇಮೇಲ್ ಬರೆದೆವು. ಶಾರ್ಜಾ ಬಿಟ್ಟು ಬೇರೆಡೆಗೆ ಕಳಿಸುವಾಗ ನಿರಾಕರಿಸುವ ಹಕ್ಕು ನನಗಿದೆಯೇ, ನಿರಾಕರಿಸಿದರೆ ಕೆಲಸ ಉಳಿಯುತ್ತದೆಯೇ? ಯುದ್ಧದಲ್ಲಿ ಸತ್ತರೆ, ಅಂಗ ಕಳೆದುಕೊಂಡರೆ ಹಣ ಕೊಡುವ ವಿಮೆ ಯಾವುದು, ಅದರ ಪ್ರತಿ ಕಳಿಸುತ್ತೀರಾ? ಪಾಸ್‌ಪೋರ್ಟ್ ನನ್ನ ಕೈಯಲ್ಲೇ ಇರುತ್ತದೆಯೇ? ವಿಮಾನಗಳನ್ನು ಸ್ಥಳಾಂತರಿಸುವ ದಿನ ನನ್ನನ್ನು ಯಾರು, ಯಾವುದರಲ್ಲಿ ಕರೆದೊಯ್ಯುತ್ತಾರೆ? ಇಂಗ್ಲಿಷಿನಲ್ಲಿ ಬರೆದದ್ದನ್ನು ಹುಡುಗ ಅಪ್ಪನಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದ. ಕಡೆಯ ಪ್ರಶ್ನೆ ಕೇಳಿ ಅವರು, "ಇದನ್ನ ಮೊದಲೇ ಕೇಳಬೇಕಾಗಿತ್ತು" ಅಂದರು.

ಮೂರು ವಾರ ಕಳೆದಿದೆ. ಬೇಗ ಸಹಿ ಮಾಡಿ ಎಂದು ಏಜೆಂಟ್ ಎರಡು ಸಲ ಫೋನ್ ಮಾಡಿದ್ದಾನೆ. ಕಂಪನಿಯಿಂದ ಉತ್ತರ ಬಂದಿಲ್ಲ. ಹುಡುಗ ಇನ್ನೂ ಸಹಿ ಮಾಡಿಲ್ಲ.