ಕರುವಿಗೆ ಯಾರು ಹೇಳಬೇಕು?

ಕಳೆದ ಸಂಚಿಕೆಯ ಮಕ್ಕಳ ಪುಟದ ಕಥೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬೈಗುಳದವು. ಬಾದಾಮಿ ಕಡೆಯ ಹುಡುಗನೊಬ್ಬ ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ ಅಜ್ಜಿಯನ್ನು ನೋಡಿ, "ಆಯಿಗೆ ಹಸಿವ ಆಗಂಗಿಲ್ಲೇನ?" ಎಂದು ಕೇಳುವ ಕಥೆ ಅದು. ಮಕ್ಕಳ ಕೈಗೆ ಹೆಣ ಕೊಟ್ಟಿರಿ ಎಂದು ಒಬ್ಬರು ಬರೆದಿದ್ದಾರೆ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಚಂದಾ ನಿಲ್ಲಿಸಿದ್ದಾರೆ. ರಾಜಧಾನಿಯ ಮಾಸಿಕವೊಂದು (ಹೆಸರು ಬೇಕಿಲ್ಲ, ನಮ್ಮ ಓದುಗರಿಗೆ ಗೊತ್ತು) ಈ ಸೀಮೆಯವರಿಗೆ ಮಗುವಿನ ಮನಸ್ಸಿನ ನಯ ತಿಳಿಯದು ಎಂಬ ಧಾಟಿಯಲ್ಲಿ ನಮಗೆ ಪಾಠ ಹೇಳಿದೆ. ಪಾಠ ಹೇಳಿಸಿಕೊಳ್ಳುವ ವಯಸ್ಸು ನಮ್ಮದಲ್ಲ; ಜಗಳಕ್ಕೆ ಸಿದ್ಧರಿದ್ದೇವೆ.

ಬಾಗಲಕೋಟೆಯ ಮಗು ಸಾವು ಕಂಡಿಲ್ಲ ಎಂದು ಇವರಿಗೆ ಹೇಳಿದವರು ಯಾರು? ಹೋಳಿಹುಣ್ಣಿಮೆಗೆ ಕಾಮಣ್ಣನನ್ನು ಸುಟ್ಟು ಬಾಯಿ ಬಡಿದುಕೊಳ್ಳುವವರು ಓಣಿಯ ಹುಡುಗರೇ. ಕುಳ್ಳು ಕದ್ದು ತರುವವರೂ ಅವರೇ, ಹಲಗಿ ಹಿಡಿದು ಶೋಕ ಮಾಡುವವರೂ ಅವರೇ. ಭಾದ್ರಪದದ ಅಷ್ಟಮಿಗೆ ಹುಟ್ಟುವ ಜೋಕುಮಾರ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುತ್ತಾನೆ. ಬಾಯಿಗೆ ಬೆಣ್ಣೆ ಸವರಿಸಿಕೊಳ್ಳುತ್ತಾನೆ. ಹುಣ್ಣಿಮೆಯ ಹೊತ್ತಿಗೆ ಸತ್ತೂ ಹೋಗುತ್ತಾನೆ. ಅವನ ಆಯುಷ್ಯ ಒಂದು ವಾರದ್ದೆಂದು ಮೊರದಲ್ಲಿ ಜೋಳ ತಂದು ಕೊಡುವ ಹುಡುಗಿಗೂ ಗೊತ್ತು. ಮೊಹರಂ ಬಂತೆಂದರೆ ಹುನಗುಂದ, ಇಳಕಲ್ಲ ಸುತ್ತಿನ ಹಳ್ಳಿಗಳಲ್ಲಿ ಕರ್ಬಲಾದ ಸಂಕಟವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರ ನಡುವೆ ಎಲ್ಲ ಜಾತಿಯ ಮಕ್ಕಳೂ ಹೆಜ್ಜೆ ಹಾಕುತ್ತಾರೆ. ಶಾಲೆಯ ಪ್ರವಾಸದ ಮಕ್ಕಳು ಕೂಡಲಸಂಗಮದಲ್ಲಿ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಮಂಟಪ ನೋಡಿ ಬರುತ್ತಾರೆ. ಲಿಂಗಾಯತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ರಾತ್ರಿಯಿಡೀ ಭಜನೆ. ಮೊಮ್ಮಕ್ಕಳು ಬಂದು ಪಾದ ಮುಟ್ಟಬೇಕು. ಇಷ್ಟೆಲ್ಲ ಕಂಡ ಮಗುವಿನಿಂದ ಸಾವನ್ನು ಮುಚ್ಚಿಡುವುದು ನಮ್ಮ ಪರಂಪರೆ ಎನ್ನುವವರು ಯಾವ ಊರಿನ ಪರಂಪರೆಯನ್ನು ಹೇಳುತ್ತಿದ್ದಾರೋ ಕಾಣೆ.

ನಮ್ಮಲ್ಲಿ ಇಲ್ಲದಿರುವುದು ಬೇರೆ. ಓಣಿಯಲ್ಲಿ ಕಾಮಣ್ಣನಿಗೆ ಅಳುವ ಹುಡುಗನಿಗೆ ಮನೆಯೊಳಗೆ ಅಪ್ಪ ಸತ್ತಾಗ ಅಳಲು ಜಾಗವಿಲ್ಲ. ಮಣ್ಣು ಮುಗಿದು ಮೂರು ದಿನ ಕಳೆದ ಮೇಲೆ ನೆಂಟರೆಲ್ಲ ತಮ್ಮ ತಮ್ಮ ಊರಿನ ಬಸ್ಸು ಹತ್ತುತ್ತಾರೆ. ಆಮೇಲೆ ಆ ಮನೆಯಲ್ಲಿ ಸತ್ತವರ ಹೆಸರು ಎತ್ತುವಂತಿಲ್ಲ. ಹುಡುಗ ಕೇಳಿದರೆ, "ನಿಮ್ಮವ್ವನ ಮುಂದ ಆ ಮಾತ ತಗೀಬ್ಯಾಡ" ಎಂದು ದೊಡ್ಡಪ್ಪ ಕಣ್ಣು ಬಿಡುತ್ತಾನೆ. ಅವ್ವ ಮಗನಿಗಾಗಿ ಅಳು ನುಂಗುತ್ತಾಳೆ, ಮಗ ಅವ್ವನಿಗಾಗಿ. ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಕೂತ ಈ ಮನೆಗೆ ಪುಸ್ತಕ ಬೇಕು ಎಂಬುದಷ್ಟೇ ನಮ್ಮ ವಾದ. ಸಾವು ಎಂದರೇನೆಂದು ತಿಳಿಸಲು ಪುಸ್ತಕ ಬೇಕಿಲ್ಲ, ಅದನ್ನು ಮಗು ಕಂಡಾಗಿದೆ. ಕಂಡದ್ದನ್ನು ಮನೆಯವರ ಎದುರು ಬಾಯಿಬಿಟ್ಟು ಹೇಳಲು ಒಂದು ನೆವ ಬೇಕು.

ಗೋವಿನ ಹಾಡನ್ನೇ ನೋಡಿ. ಕನ್ನಡದ ಮಕ್ಕಳೆಲ್ಲ ಬಾಯಿಪಾಠ ಮಾಡಿದ ಪದ್ಯ. ಮೇಷ್ಟ್ರು ಕೇಳುವ ಪ್ರಶ್ನೆ ಒಂದೇ: ಇದರಿಂದ ನೀವು ಕಲಿತ ನೀತಿ ಯಾವುದು? ಸತ್ಯವೇ ದೇವರು, ಹತ್ತಕ್ಕೆ ಹತ್ತು ಅಂಕ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ನಡೆಸಿದಳೆಂದು ಎಲ್ಲರೂ ಹೊಗಳುತ್ತಾರೆ; ಅವಳು ಕರುವಿಗೆ ಹೇಳಿದ ಸತ್ಯ ಯಾರ ಕಣ್ಣಿಗೂ ಬಿದ್ದಿಲ್ಲ. ಪೇಟೆಗೆ ಹೋಗಿ ಬರುತ್ತೇನೆಂದು ಪುಸಲಾಯಿಸಿ ಆಕೆ ಹೊರಡಬಹುದಿತ್ತು. ಹಾಗೆ ಮಾಡಲಿಲ್ಲ. ದೊಡ್ಡಿಗೆ ಬಂದು ಹಾಲು ಕುಡಿಸಿ, ತಾನು ಸಾಯಲು ಹೋಗುತ್ತಿದ್ದೇನೆಂದು ಎದುರೆದುರೇ ಹೇಳಿದಳು. ಕರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಅಕ್ಕತಂಗಿಯರನ್ನು ಕರೆದು ಈ ತಬ್ಬಲಿಯನ್ನು ನೋಡಿಕೊಳ್ಳಿರೆಂದು ಒಪ್ಪಿಸಿದಳು. ಮಗುವಿನೊಡನೆ ಸಾವಿನ ಮಾತಾಡುವುದು ಹೇಗೆಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಪುಸ್ತಕ ನಮಗೆ ಬೇರೆ ಗೊತ್ತಿಲ್ಲ. ನಾವು ಅದನ್ನು ನೀತಿಪಾಠದ ಗೂಟಕ್ಕೆ ಕಟ್ಟಿಹಾಕಿದೆವು.

ನೀತಿಯ ಚಟ ನಮ್ಮ ಮಕ್ಕಳ ಸಾಹಿತ್ಯವನ್ನು ಇನ್ನೂ ಬಿಟ್ಟಿಲ್ಲ. ಶಿಶು ಸಂಗಮೇಶ, ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ ಮೊದಲಾದವರು ಅವಿಭಜಿತ ವಿಜಯಪುರ ಜಿಲ್ಲೆಯಲ್ಲಿ ಮಕ್ಕಳಿಗಾಗಿ ಬರೆಯುವುದನ್ನೇ ಒಂದು ವ್ರತವಾಗಿ ನಡೆಸಿದರು. ಅವರ ಋಣ ದೊಡ್ಡದು. ಅವರ ಹೆಸರು ಹೇಳಿಕೊಂಡು ಇಂದು ಪ್ರಾಸಕ್ಕೆ ಪ್ರಾಸ ಹೊಂದಿಸುತ್ತಿರುವವರ ಮೇಲೆ ಮಾತ್ರ ನಮಗೆ ಆ ಗೌರವ ಇಲ್ಲ. ಚಂದಮಾಮ, ಬೆಕ್ಕು, ಇಲಿ, ಸ್ವಚ್ಛತೆ, ದೇಶಭಕ್ತಿ, ಕೊನೆಗೊಂದು ಬುದ್ಧಿಮಾತು. ಕಣ್ಣೆಲ್ಲ ಗ್ರಂಥಾಲಯದ ಸಗಟು ಖರೀದಿಯ ಪಟ್ಟಿಯ ಮೇಲೆ. ಆ ಪಟ್ಟಿಗೆ ಸೇರಬೇಕಾದರೆ ಪುಸ್ತಕದಲ್ಲಿ ಯಾರೂ ಸಾಯಬಾರದು ಎಂದು ಪ್ರಕಾಶಕರೇ ತೀರ್ಮಾನಿಸಿಬಿಟ್ಟಿದ್ದಾರೆ.

ಇನ್ನೊಂದು ಪಂಗಡದ ಮೇಲೂ ನಮಗೆ ಸಿಟ್ಟಿದೆ. ದುಃಖಕ್ಕೆ ಐದು ಹಂತವೆಂದು ಇಂಗ್ಲಿಷಿನಲ್ಲಿ ಓದಿಕೊಂಡು, ಪುಟಕ್ಕೊಂದು ಹಂತದಂತೆ ಚಿತ್ರ ಬರೆಸಿ, ಹಿಂಬದಿಗೆ ಪೋಷಕರಿಗೆ ಸೂಚನೆ ಅಚ್ಚು ಹಾಕುವವರು ಇವರು. ಅಲ್ಲಿನ ಅಜ್ಜ ಯಾವ ಊರಿನವನೂ ಅಲ್ಲ. ಅವನು ಎಲೆ ಅಡಿಕೆ ಹಾಕಿಕೊಳ್ಳುವುದಿಲ್ಲ, ಸಾಲ ಮಾಡಿಲ್ಲ, ಸೊಸೆಯೊಡನೆ ಜಗಳ ಆಡಿಲ್ಲ. ಅಂಥ ಅಜ್ಜ ಸತ್ತರೆ ಯಾರಿಗೆ ಅಳು ಬಂದೀತು?

ರವೀಂದ್ರನಾಥ ಠಾಕೂರರು 1902ರಲ್ಲಿ ಹೆಂಡತಿಯನ್ನು, 1903ರಲ್ಲಿ ಮಗಳು ರೇಣುಕಾಳನ್ನು, 1907ರಲ್ಲಿ ಮಗ ಶಮೀಂದ್ರನನ್ನು ಕಳೆದುಕೊಂಡವರು. ಅದಾದ ಮೇಲೆ ಬರೆದ 'ಡಾಕ್ ಘರ್' ನಾಟಕದಲ್ಲಿ ಕಿಟಕಿಯ ಬಳಿ ಕೂತ ಕಾಯಿಲೆಯ ಹುಡುಗ ಅಮಲ್ ಮೊಸರು ಮಾರುವವನೊಡನೆ, ಕಾವಲುಗಾರನೊಡನೆ ಮಾತಾಡುತ್ತಾನೆ, ರಾಜನ ಪತ್ರಕ್ಕೆ ಕಾಯುತ್ತಾನೆ. ನೀತಿಯೂ ಇಲ್ಲ, ಹಂತವೂ ಇಲ್ಲ. 1942ರ ಜುಲೈಯಲ್ಲಿ ವಾರ್ಸಾದ ಯಹೂದಿ ಘೆಟ್ಟೋದೊಳಗೆ ಯಾನುಷ್ ಕೊರ್ಚಾಕ್ ತಮ್ಮ ಅನಾಥಾಲಯದ ಮಕ್ಕಳಿಂದ ಇದೇ ನಾಟಕ ಆಡಿಸಿದರು. ಮುಂದಿನ ತಿಂಗಳು ಆ ಮಕ್ಕಳನ್ನೂ ಅವರನ್ನೂ ಟ್ರೆಬ್ಲಿಂಕಾಕ್ಕೆ ಸಾಗಿಸಿ ಕೊಂದರು. ಸಾವು ಬಾಗಿಲಲ್ಲಿದ್ದಾಗ ಆ ಮಕ್ಕಳ ಕೈಗೆ ಬಂದದ್ದು ನಮ್ಮ ದೇಶದ ನಾಟಕ. ಮಗುವಿನ ಮನಸ್ಸಿನ ನಯದ ಮಾತಾಡುವವರು ಮೊದಲು ಇದನ್ನು ಓದಿಕೊಂಡು ಬರಲಿ.

ನಮ್ಮ ನೆಲದಲ್ಲೇ ಬರೆಯದೆ ಬಿಟ್ಟ ಪುಸ್ತಕಗಳು ಎಷ್ಟಿವೆ! ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದವು, ಹಳ್ಳಿಗಳು ಹೋದವು; ಹೊಲದ ಬದುವಿನಲ್ಲಿದ್ದ ಹಿರಿಯರ ಸಮಾಧಿಗಳೂ ಹೋದವು. ನವನಗರದ ಸೆಕ್ಟರಿನಲ್ಲಿ ಹುಟ್ಟಿದ ಹುಡುಗಿ ಮುತ್ತಜ್ಜನಿಗೆ ಎಡೆ ಎಲ್ಲಿ ಇಡುವುದೆಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಅಣೆಕಟ್ಟೆಯ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಪರಿಹಾರದ ದರದ ಮೇಲೆ ಎಷ್ಟೋ ವಿಚಾರಸಂಕಿರಣಗಳಾಗಿವೆ. ಮುಳುಗಡೆಯ ಮನೆಯ ಮಗುವಿಗೆಂದು ಯಾರೂ ಲೇಖನಿ ಎತ್ತಿಲ್ಲ. ಕೊರೊನಾದಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಸರ್ಕಾರ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಒಳ್ಳೆಯದೇ. ಅಪ್ಪನ ಮುಖವನ್ನೂ ನೋಡಗೊಡದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದ ಆ ದಿನದ ಬಗ್ಗೆ ಅವರೊಡನೆ ಮಾತಾಡುವ ಕೆಲಸ ಮಾತ್ರ ಸರ್ಕಾರದ್ದಲ್ಲ, ಬರೆಯುವವರದು. ನಾವು ಆಗ ಆನ್‌ಲೈನ್ ಕವಿಗೋಷ್ಠಿಗಳಲ್ಲಿ ಮುಳುಗಿದ್ದೆವು.

ಮುಂದಿನ ಸಂಚಿಕೆ 'ಸತ್ತವರ ಮನೆಯ ಮಕ್ಕಳು' ವಿಶೇಷಾಂಕ. ಕಥೆ, ಚಿತ್ರಕಥೆಗಳಿಗೆ ಸ್ವಾಗತ.

ಷರತ್ತುಗಳು ಇವು. ಕಥೆ ಮನೆಯ ಮಾತಿನಲ್ಲಿರಲಿ. ಇಳಕಲ್ಲಿನ ಆಯಿ ಬೆಂಗಳೂರಿನ ಕನ್ನಡದಲ್ಲಿ ಸಾಯಬೇಕಿಲ್ಲ. ಸತ್ತವರನ್ನು ದೇವರನ್ನಾಗಿ ಮಾಡಬೇಡಿ; ಕುಡಿದು ಸತ್ತ ಅಪ್ಪನಿಗಾಗಿ ಅಳುವ ಮಗುವೂ ಓದುತ್ತದೆ. ಸಿಟ್ಟು, ನಗು, ಹಸಿವು ಎಲ್ಲಕ್ಕೂ ಜಾಗವಿರಲಿ, ಸೂತಕದ ಮನೆಯಲ್ಲೂ ಮಕ್ಕಳು ಆಡುತ್ತವೆ. ಚಿತ್ರಕಾರರಿಗೆ ಲೇಖಕರಷ್ಟೇ ಸಂಭಾವನೆ ಕೊಡುತ್ತೇವೆ. ಕೊನೆಯಲ್ಲಿ ನೀತಿ ಇದ್ದರೆ ಅದನ್ನು ಹೊಡೆದುಹಾಕಿ ಅಚ್ಚು ಮಾಡುತ್ತೇವೆ. ಅಜ್ಜಿಯನ್ನು ಆಕಾಶದ ಚುಕ್ಕಿ ಮಾಡಿ ಮುಗಿಸಿದ ಹಸ್ತಪ್ರತಿಯನ್ನು ಆ ಸಾಲಿನಿಂದಾಚೆ ನಾವು ಓದುವುದಿಲ್ಲ. ವಾಪಸ್ ಬೇಕಿದ್ದವರು ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿ.