ಪದವಿಯ ಮೊದಲ ವರ್ಷ: ಸನ್ಮಾನದ ನಂತರವೂ ಸಮುದಾಯ ಜೊತೆಗಿರಲಿ

ಪಿಯುಸಿ ಫಲಿತಾಂಶ ಪ್ರಕಟವಾದ ಕೆಲವೇ ವಾರಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭಗಳು ಜರಗುತ್ತವೆ. ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಶಾಲು, ಸ್ಮರಣಿಕೆ, ಚಪ್ಪಾಳೆ ದೊರೆಯುತ್ತವೆ. ಇದು ಸಂತೋಷದ ಸಂಗತಿಯೇ. 2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇ. 93.90 ಫಲಿತಾಂಶದೊಂದಿಗೆ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆದುದು ನಮ್ಮೆಲ್ಲರ ಹೆಮ್ಮೆ. ಆದರೆ ಅದೇ ಮಕ್ಕಳು ಪದವಿ ತರಗತಿಗೆ ಕಾಲಿಟ್ಟ ಮೇಲೆ ಅವರ ಸ್ಥಿತಿಗತಿ ಹೇಗಿದೆಯೆಂದು ವಿಚಾರಿಸುವವರು ವಿರಳ. ಮೊದಲ ಸೆಮಿಸ್ಟರಿನಲ್ಲಿ ಎಡವಿದವರು ಅದನ್ನು ಮನೆಯವರಿಂದ ಮುಚ್ಚಿಡುತ್ತಾರೆ, ಕ್ರಮೇಣ ತರಗತಿಗೆ ಹೋಗದಾಗುತ್ತಾರೆ, ಕೊನೆಗೆ ಓದನ್ನೇ ಕೈಬಿಡುತ್ತಾರೆ. ಅಂಥವರಿಗಾಗಿ ನಮ್ಮಲ್ಲಿ ಯಾವ ವೇದಿಕೆಯೂ ಇಲ್ಲ.

ಹಿಂದೆ ಈ ಭಾಗದ ಯುವಕರು ಕಾಲೇಜು ಶಿಕ್ಷಣಕ್ಕಾಗಿ ಮಂಗಳೂರಿಗೋ ಮದ್ರಾಸಿಗೋ ತೆರಳಬೇಕಾಗಿತ್ತು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಡಾ. ಟಿ.ಎಂ.ಎ. ಪೈಯವರ ದೂರದೃಷ್ಟಿಯಿಂದ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1960ರಲ್ಲಿ ಕಾರ್ಕಳದ ಭುವನೇಂದ್ರ ಕಾಲೇಜು, 1967ರಲ್ಲಿ ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜು, 1980ರಲ್ಲಿ ಶಿರ್ವದ ಸಂತ ಮೇರಿ ಕಾಲೇಜು ಆರಂಭವಾದವು. ಅದೇ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವೂ ಸ್ಥಾಪನೆಗೊಂಡಿತು. 1993ರಲ್ಲಿ ಮಣಿಪಾಲವೇ ಪರಿಗಣಿತ ವಿಶ್ವವಿದ್ಯಾನಿಲಯದ ಕೇಂದ್ರವಾಯಿತು. ಹೀಗೆ ಉನ್ನತ ಶಿಕ್ಷಣ ನಮ್ಮ ಮನೆಬಾಗಿಲಿಗೇ ಬಂದಿದೆ. ಮನೆಬಾಗಿಲಿಗೆ ಬಂದುದರಿಂದಲೇ, ಅಲ್ಲಿ ಮಕ್ಕಳಿಗೆ ಕಷ್ಟವಾಗಲಿಕ್ಕಿಲ್ಲ ಎಂಬ ಭಾವನೆಯೂ ನಮ್ಮಲ್ಲಿ ಬೆಳೆದಿದೆ. ಇದು ಸರಿಯಲ್ಲ.

ಪಿಯುಸಿಯ ತನಕ ವಿದ್ಯಾರ್ಥಿಯ ದಿನಚರಿಯನ್ನು ಇತರರು ನಿರ್ಧರಿಸುತ್ತಾರೆ. ಉಪನ್ಯಾಸಕರು ಟಿಪ್ಪಣಿ ಬರೆಸುತ್ತಾರೆ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಾರೆ, ಅಂಕ ಕಡಿಮೆಯಾದರೆ ಹೆತ್ತವರನ್ನು ಕರೆಸುತ್ತಾರೆ. ಪದವಿಯಲ್ಲಿ ಈ ಊರುಗೋಲು ಒಮ್ಮೆಲೇ ಕಳಚಿಬೀಳುತ್ತದೆ. ಗ್ರಂಥಾಲಯದಲ್ಲಿ ತಾನೇ ಹುಡುಕಿ ಓದಬೇಕು, ಆಂತರಿಕ ಪರೀಕ್ಷೆಗಳಿಗೆ ತಾನೇ ಸಿದ್ಧನಾಗಬೇಕು, ಸಾಮಾನ್ಯವಾಗಿ ಶೇ. 75ರ ಹಾಜರಾತಿಯ ಲೆಕ್ಕವನ್ನೂ ತಾನೇ ಇಡಬೇಕು. ಕೆಲವೇ ತಿಂಗಳ ಸೆಮಿಸ್ಟರಿನಲ್ಲಿ ಹೊಂದಿಕೊಳ್ಳುವಷ್ಟರಲ್ಲೇ ಪರೀಕ್ಷೆ ಎದುರಾಗುತ್ತದೆ. ಇದಲ್ಲದೆ, ರಾಜ್ಯದಲ್ಲಿ 2021ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯನ್ನು ಕೈಬಿಟ್ಟು 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಆದುದರಿಂದ ಅಣ್ಣ, ಅಕ್ಕಂದಿರ ಅನುಭವ ತಮ್ಮ, ತಂಗಿಯರಿಗೆ ಪೂರ್ತಿಯಾಗಿ ಒದಗುತ್ತಿಲ್ಲ.

ಎರಡನೆಯದು ಭಾಷೆಯ ಅಳುಕು. ಕಾರ್ಕಳದ ಒಳನಾಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದ ಹುಡುಗಿ ಮಣಿಪಾಲದ ತರಗತಿಯಲ್ಲಿ ಕುಳಿತಾಗ ಪಕ್ಕದಲ್ಲಿರುವವರು ದಿಲ್ಲಿಯವರೋ, ಕೇರಳದವರೋ, ವಿದೇಶದವರೋ ಆಗಿರುತ್ತಾರೆ. ಸಂಶಯವಿದ್ದರೂ ಎದ್ದುನಿಂತು ಕೇಳಲು ಆಕೆಗೆ ಸಂಕೋಚ. ಆದರೆ ಆಕೆ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುತ್ತಾ ಬೆಳೆದವಳು. ಮೂರು ಭಾಷೆಗಳನ್ನು ಭಯವಿಲ್ಲದೆ ಕಲಿತವಳಿಗೆ ನಾಲ್ಕನೆಯದು ಅಸಾಧ್ಯವೇನಲ್ಲ. ಈ ಮಾತನ್ನು ಆಕೆಗೆ ಮೊದಲ ತಿಂಗಳಲ್ಲೇ ಯಾರಾದರೂ ಹೇಳಬೇಕು.

ಮೂರನೆಯದು ಪ್ರಯಾಣದ ದಣಿವು. ಕಾರ್ಕಳದಿಂದ ಬೈಲೂರು, ಹಿರಿಯಡಕ, ಪರ್ಕಳದ ಮಾರ್ಗವಾಗಿ ಮಣಿಪಾಲಕ್ಕೆ ಬರುವವರಿಗೆ, ಕಾಪುವಿನ ಒಳಗಿನ ಹಳ್ಳಿಗಳಿಂದ ಎರಡು ಬಸ್ಸು ಬದಲಿಸಿ ಉಡುಪಿ ತಲಪುವವರಿಗೆ ದಿನದ ಎರಡು ಮೂರು ಗಂಟೆ ದಾರಿಯಲ್ಲೇ ಕಳೆಯುತ್ತದೆ. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸುಗಳಿಗೆ ಸೀಮಿತ. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ನಮ್ಮ ಮಾರ್ಗಗಳಲ್ಲಿ ಅದರ ಪ್ರಯೋಜನ ಕಡಿಮೆ. ಮಳೆಗಾಲದ ಸಂಜೆ ಒದ್ದೆಯಾಗಿ ಮನೆಗೆ ಬಂದ ಮಗಳನ್ನು ಶಂಕರಪುರದ ಮನೆಗಳಲ್ಲಿ ಮರುದಿನದ ಮಲ್ಲಿಗೆಯ ಕೆಲಸವೂ ಕಾಯುತ್ತಿರುತ್ತದೆ. ಮನೆಗೆಲಸ ಕೀಳಲ್ಲ; ಆದರೆ ಮೊದಲ ವರ್ಷವಾದರೂ ಆಕೆಯ ಪಾಲಿನ ಹೊರೆಯನ್ನು ಮನೆಯ ಗಂಡುಮಕ್ಕಳೂ ಹಂಚಿಕೊಳ್ಳಬೇಕು.

ಹೆತ್ತವರಲ್ಲಿ ಒಂದು ವಿನಂತಿ. ತಂದೆ ಗಲ್ಫಿನಲ್ಲಿ ದುಡಿಯುವ ಮನೆಗಳಲ್ಲಿ ಶುಲ್ಕದ ಹಣ ಸಕಾಲಕ್ಕೆ ಬರುತ್ತದೆ, ಆದರೆ ದೂರವಾಣಿಯ ಮಾತು ಅಂಕಗಳ ವಿಚಾರಣೆಯಲ್ಲೇ ಮುಗಿಯುತ್ತದೆ. "ಎಷ್ಟು ಬಂತು?" ಎಂಬ ಪ್ರಶ್ನೆಗೆ ಮೊದಲು "ಊಟವಾಯಿತೇ? ಗೆಳೆಯರು ಸಿಕ್ಕಿದರೇ?" ಎಂದು ಕೇಳಿದರೆ ನಷ್ಟವೇನಿಲ್ಲ. ಒಂದು ವಿಷಯದಲ್ಲಿ ಅನುತ್ತೀರ್ಣನಾದರೂ ಮನೆಯ ಬಾಗಿಲು ತೆರೆದಿದೆಯೆಂದು ತಿಳಿದ ಮಗ ಸುಳ್ಳು ಹೇಳಬೇಕಾಗಿಲ್ಲ.

"ನಮ್ಮ ಕಾಲದಲ್ಲಿ ಯಾರು ಕೈಹಿಡಿದು ನಡೆಸಿದರು? ನಾವು ಕಲಿಯಲಿಲ್ಲವೇ?" ಎಂದು ಕೇಳುವ ಹಿರಿಯರಿದ್ದಾರೆ. ಅವರ ಛಲ ಗೌರವಾರ್ಹ. ಆದರೆ ಕಲಿತವರು ಇಂದು ನಮ್ಮೆದುರು ಇದ್ದಾರೆ. ಅರ್ಧದಲ್ಲೇ ಬಿಟ್ಟು ಬೊಂಬಾಯಿಯ ರೈಲು, ಬಸ್ಸು ಹತ್ತಿದವರ ಲೆಕ್ಕವನ್ನು ನಾವು ಇಡಲಿಲ್ಲ. ಸರಕಾರದ ಮಟ್ಟದಲ್ಲಿಯೇ ಈಗ ದೃಷ್ಟಿ ಬದಲಾಗಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2009ರಲ್ಲಿ ರ‍್ಯಾಗಿಂಗ್ ವಿರೋಧಿ ನಿಯಮಗಳನ್ನು ರೂಪಿಸಿತು. 2019ರಲ್ಲಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲು 'ದೀಕ್ಷಾರಂಭ' ಎಂಬ ಮಾರ್ಗದರ್ಶಿಯನ್ನು ಹೊರತಂದಿತು. ಮನಸ್ಸು ಕುಗ್ಗಿದವರಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಇಂಥ ವಿಷಯಗಳು ನಮ್ಮ ಚರ್ಚುಗಳ ಸೂಚನಾ ಫಲಕದಲ್ಲಿ ಕಾಣಬೇಡವೇ?

ನಮ್ಮ ಧರ್ಮಕೇಂದ್ರಗಳಲ್ಲಿ ವಾಳೆಗಳಿವೆ, ಗುರಿಕಾರರಿದ್ದಾರೆ, ಯುವ ಸಂಘಟನೆಗಳಿವೆ. ಹೊಸ ಸಂಸ್ಥೆಯ ಅಗತ್ಯವಿಲ್ಲ. ಪ್ರತಿ ವಾಳೆಯಲ್ಲಿ ಈ ವರ್ಷ ಪದವಿಗೆ ಸೇರಿದವರು ಯಾರು ಎಂಬ ಪಟ್ಟಿ ಸಿದ್ಧವಾಗಲಿ. ಅದೇ ಕಾಲೇಜಿನ ಎರಡನೆಯ ಅಥವಾ ಮೂರನೆಯ ವರ್ಷದಲ್ಲಿರುವ ಒಬ್ಬರನ್ನು ಅವರಿಗೆ ಜೊತೆಯಾಗಿ ನೇಮಿಸಲಿ. ಕಾಲೇಜು ಆರಂಭವಾದ ಕೆಲವೇ ವಾರಗಳಲ್ಲಿ ಬರುವ ತೆನೆ ಹಬ್ಬದ ಸಂದರ್ಭದಲ್ಲಿ ಇವರೆಲ್ಲ ಒಮ್ಮೆ ಕಲೆತು ಕಷ್ಟಸುಖ ಹಂಚಿಕೊಳ್ಳಲಿ. ಮಣಿಪಾಲ, ಉಡುಪಿಯ ಹಾಸ್ಟೆಲುಗಳಲ್ಲಿ ಇರುವ ಪರವೂರಿನ ಮಕ್ಕಳನ್ನೂ, ಅವರು ಯಾವ ಧರ್ಮದವರೇ ಆಗಿರಲಿ, ಅಂದಿನ ಹೊಸ ಅಕ್ಕಿಯ ಊಟಕ್ಕೆ ಕರೆಯೋಣ. ನಮ್ಮ ಮಕ್ಕಳು ಪರವೂರಿಗೆ ಹೋದಾಗ ಅವರನ್ನೂ ಯಾರಾದರೂ ಹೀಗೆ ಕರೆಯಲಿ ಎಂದೇ ನಾವು ಬಯಸುವುದಲ್ಲವೇ?

ಸನ್ಮಾನ ಸಭೆಗಳು ಮುಂದುವರಿಯಲಿ. ಆದರೆ ಮುಂದಿನ ಬಾರಿ ಶಾಲು ಹೊದಿಸುವಾಗ, ಆರು ತಿಂಗಳ ನಂತರ ಈ ಮಗುವನ್ನು ಮತ್ತೊಮ್ಮೆ ಭೇಟಿಯಾಗುವವರು ಯಾರು ಎಂಬುದನ್ನೂ ಅದೇ ಸಭೆಯಲ್ಲಿ ನಿಶ್ಚಯಿಸೋಣ.